ನೆಟ್‌ವರ್ಕ್ ಸಿಗದ ಸಿಟ್ಟನ್ನು ಪೋಸ್ಟಿನಾಚೆಗೆ ದೂರಾಗಿ ದಾಖಲಿಸುವ ಬಗೆ

“ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಕಂಪನಿಯನ್ನು ಟ್ಯಾಗ್ ಮಾಡಿ ಪೋಸ್ಟ್ ಹಾಕಿದೆ. ನಿಮ್ಮ ನಂಬರನ್ನು ಡಿಎಂ ಮಾಡಿ ಎಂದರು, ಮಾಡಿದೆ. ಎರಡು ದಿನ ಬಿಟ್ಟು ಕ್ಷಮಿಸಿ ಎಂಬ ಉತ್ತರ ಬಂತು, ಆಮೇಲೆ ಸುದ್ದಿಯೇ ಇಲ್ಲ. ಮುಂದೇನು ಮಾಡಲಿ?” ಸ್ವಲ್ಪ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮಳೆಗಾಲ ಹಿಡಿದ ಮೇಲೆ ಮಲೆನಾಡು ಮತ್ತು ಕರಾವಳಿಯ ಕಡೆಯಿಂದ, ವರ್ಷವಿಡೀ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಮಹಡಿಗಳಿಂದ ಬರುವ ಈ ಪ್ರಶ್ನೆಗೆ ಒಮ್ಮೆ ವಿವರವಾಗಿಯೇ ಉತ್ತರಿಸುವುದು ಒಳ್ಳೆಯದೆನಿಸಿತು.

ಎಕ್ಸ್‌ನಲ್ಲಿಯೋ ಫೇಸ್‌ಬುಕ್‌ನಲ್ಲಿಯೋ ನೀವು ಹಾಕಿದ ಪೋಸ್ಟ್‌ಗೆ ಸಾವಿರ ಲೈಕ್ ಬಂದರೂ ನಿಯಮಗಳ ಲೆಕ್ಕದಲ್ಲಿ ಅದು ದೂರು ಎನಿಸಿಕೊಳ್ಳುವುದಿಲ್ಲ. ದೂರು ಎನಿಸಿಕೊಳ್ಳಬೇಕಾದರೆ ಕಂಪನಿಯ ದೂರು ಕೇಂದ್ರದಲ್ಲಿ ಅದು ದಾಖಲಾಗಿ, ಅದಕ್ಕೊಂದು ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ನಿಮ್ಮ ಕೈಗೆ ಬಂದಿರಬೇಕು. ಹಾಗೆಂದು ಪೋಸ್ಟ್ ಹಾಕುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಡಾಕೆಟ್ ಸಂಖ್ಯೆ ಸಿಕ್ಕ ನಂತರ ಹಾಕಿದ ಪೋಸ್ಟ್‌ಗೆ ಇರುವ ತೂಕ ಬರಿಯ ಬೈಗುಳದ ಪೋಸ್ಟ್‌ಗೆ ಇರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ.

ಕೈಯಲ್ಲಿರಬೇಕಾದುದು ಇಷ್ಟು: ತೊಂದರೆ ಇರುವ ಸಿಮ್, ಅದು ಯಾರ ಹೆಸರಿನಲ್ಲಿದೆ ಎಂಬ ಮಾಹಿತಿ, ಕಳೆದ ಕೆಲವು ತಿಂಗಳ ರೀಚಾರ್ಜ್ ರಸೀದಿ ಅಥವಾ ಬಿಲ್ಲು, ಒಂದು ನೋಟ್‌ಬುಕ್. ಸಿಮ್ ತಂದೆಯ ಹೆಸರಿನಲ್ಲಿದ್ದು ದೂರನ್ನು ಮಗ ಬರೆದರೆ ಮುಂದೆ ಅಪೀಲಿನ ಹಂತದಲ್ಲಿ “ನೀವು ನಮ್ಮ ಗ್ರಾಹಕರಲ್ಲ” ಎಂಬ ಉತ್ತರ ಬರಬಹುದು. ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರ ಹೆಸರಿನಲ್ಲಿಯೇ ದೂರು ಹೋಗಲಿ.

ಹಂತ 1: ದೋಷ ಫೋನಿನದೋ ಟವರಿನದೋ ನೋಡಿಕೊಳ್ಳಿ

ಹತ್ತು ನಿಮಿಷದ ಕೆಲಸ. ನಿಮ್ಮ ಸಿಮ್ಮನ್ನು ಮನೆಯ ಇನ್ನೊಂದು ಫೋನಿಗೆ ಹಾಕಿ ನೋಡಿ, ಅದೇ ಕಂಪನಿಯ ನೆರೆಯವರ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ ನೋಡಿ. ಎರಡೂ ಬಾರಿ ಅದೇ ತೊಂದರೆಯಿದ್ದರೆ ದೋಷ ಟವರಿನ ಕಡೆಯದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೋಲ್ಟೆ, ಅಂದರೆ 4ಜಿ ಜಾಲದ ಮೂಲಕವೇ ಧ್ವನಿ ಕರೆ ಹೋಗುವ ವ್ಯವಸ್ಥೆ, ಆನ್ ಆಗಿದೆಯೇ ಎಂದೂ ಪರಿಶೀಲಿಸಿ. ಅದು ಆಫ್ ಆಗಿದ್ದು ಕರೆ ಕಡಿಯುತ್ತಿದ್ದ ಪ್ರಕರಣಗಳು ಕಡಿಮೆಯೇನಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದವರು ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ಗೋಡೆಯೊಳಗಿನ ತೊಂದರೆ ಬಹುಪಾಲು ನೀಗುತ್ತದೆ, ದೂರಿನ ಗೊಡವೆಯೇ ಬೇಕಾಗದಿರಬಹುದು.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಸಿಗುವ “ಸಿಗ್ನಲ್ ಬೂಸ್ಟರ್” ಎಂಬ ಪೆಟ್ಟಿಗೆಯನ್ನು ಕೊಳ್ಳಬೇಡಿ. ಅನುಮತಿಯಿಲ್ಲದೆ ಅದನ್ನು ಅಳವಡಿಸುವುದು ಕಾನೂನುಬಾಹಿರ. ನಿಮ್ಮ ಫೋನಿನಲ್ಲಿ ಸಿಗ್ನಲಿನ ಕಡ್ಡಿ ಏರಿದರೂ ಸುತ್ತಲಿನ ಮನೆಗಳ ನೆಟ್‌ವರ್ಕನ್ನು ಅದು ಕೆಡಿಸುತ್ತದೆ.

ಹಂತ 2: ಒಂದು ವಾರ ಬರೆದಿಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮುಂದಿನ ಎಲ್ಲವೂ ನಿಂತಿರುವುದು ಇದರ ಮೇಲೆಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

“ನೆಟ್‌ವರ್ಕ್ ಸರಿಯಿಲ್ಲ” ಎಂಬ ವಾಕ್ಯವನ್ನು ಯಾವ ಎಂಜಿನಿಯರೂ ಪರೀಕ್ಷಿಸಲಾರ. ಎಲ್ಲಿ, ಯಾವಾಗ, ಎಷ್ಟು ಎಂಬ ಮೂರು ಸಂಗತಿಗಳು ಅವನಿಗೆ ಬೇಕು. “ಎಷ್ಟು” ಎಂಬುದನ್ನು ಹೇಳಲು ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಏಕೆಂದರೆ ಎರಡು ಕಡ್ಡಿ ಎಂದರೆ ಎಷ್ಟು ಎಂಬುದನ್ನು ಪ್ರತಿ ಫೋನ್ ಕಂಪನಿಯೂ ತನಗೆ ತೋಚಿದಂತೆ ನಿರ್ಧರಿಸಿಕೊಂಡಿರುತ್ತದೆ. ಅದರ ಬದಲು ಡಿಬಿಎಂ ಅಂಕಿಯನ್ನು ನೋಡಿ. ಡಿಬಿಎಂ ಎಂದರೆ ನಿಮ್ಮ ಫೋನಿಗೆ ತಲುಪುತ್ತಿರುವ ಸಿಗ್ನಲಿನ ಬಲದ ಅಳತೆ. ಅದು ಯಾವಾಗಲೂ ಋಣ ಸಂಖ್ಯೆಯಾಗಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿದೆಯೆಂದು ಅರ್ಥ. 4ಜಿಯಲ್ಲಿ −90ರ ಆಸುಪಾಸು ಇದ್ದರೆ ಚೆನ್ನಾಗಿದೆ, −110 ದಾಟಿದರೆ ಕರೆ ಕಡಿಯತೊಡಗುತ್ತದೆ, −120ರ ಹತ್ತಿರ ಹೋದರೆ ಫೋನ್ ಇದ್ದೂ ಇಲ್ಲದಂತೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನೊಳಗಿನ “ಅಬೌಟ್ ಫೋನ್” ಎಂಬಲ್ಲಿ ಸಿಮ್ ಸ್ಟೇಟಸ್ ತೆರೆದರೆ ಈ ಅಂಕಿ ಕಾಣುತ್ತದೆ. ಐಫೋನಿನಲ್ಲಿ *3001#12345#* ಎಂದು ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ಪರದೆ ತೆರೆದುಕೊಳ್ಳುತ್ತದೆ.

ಬರೆದಿಡುವ ರೀತಿ ಹೀಗಿರಲಿ:

ಜೂನ್ 14, ಸಂಜೆ 6.40, ಅಡುಗೆಮನೆ: −118, 4ಜಿ. ಕರೆ ಎರಡು ಬಾರಿ ಕಡಿಯಿತು.
ಅದೇ ದಿನ 6.55, ತುಳಸಿಕಟ್ಟೆಯ ಬಳಿ: −104. ಕರೆ ಕಡಿಯಲಿಲ್ಲ, ಮಾತು ತುಂಡುತುಂಡಾಗಿ ಕೇಳಿತು.
7.20ಕ್ಕೆ ಕರೆಂಟು ಹೋಯಿತು. 8.05ಕ್ಕೆ “ನೋ ಸರ್ವಿಸ್”. ಮರುದಿನ ಬೆಳಿಗ್ಗೆ 9.30ಕ್ಕೆ ಕರೆಂಟಿನೊಂದಿಗೇ ಸಿಗ್ನಲ್ ಬಂತು.

ಮೂರನೆಯ ಸಾಲು ಬಹಳ ಮುಖ್ಯವಾದುದು. ಕರೆಂಟು ಹೋದ ಮುಕ್ಕಾಲು ಗಂಟೆಯೊಳಗೆ ಟವರ್ ಸುಮ್ಮನಾಗುತ್ತಿದೆ ಎಂದರೆ ಅಲ್ಲಿನ ಬ್ಯಾಟರಿ ಸತ್ತಿದೆ, ಜನರೇಟರ್ ಇಲ್ಲ ಅಥವಾ ಅದಕ್ಕೆ ಡೀಸೆಲ್ ಬರುತ್ತಿಲ್ಲ. ಇದು ಸಿಗ್ನಲ್ ತಲುಪದಿರುವ ತೊಂದರೆಯಲ್ಲ, ನಿರ್ವಹಣೆಯ ತೊಂದರೆ, ಇದಕ್ಕೆ ಹೊಸ ಟವರ್ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಎರಡು ಮಳೆಗಾಲ ನಾನೂ “ಸಿಗ್ನಲ್ ಇಲ್ಲ” ಎಂದೇ ದೂರು ಕೊಡುತ್ತಿದ್ದೆ, ಕಂಪನಿಯವರು ಬಿಸಿಲಿನ ದಿನ ಬಂದು ಅಳೆದು “ಸರಿಯಾಗಿದೆ” ಎಂದು ಹೋಗುತ್ತಿದ್ದರು. ಕರೆಂಟು ಹೋದ ವೇಳೆಗಳನ್ನು ಬರೆದು ಕಳುಹಿಸಿದ ಮೇಲಷ್ಟೇ ಬ್ಯಾಟರಿಯ ಮಾತು ಬಂತು.

ಇದರ ಜೊತೆಗೆ ಕಂಪನಿಯ ಜಾಲತಾಣದಲ್ಲಿರುವ ವ್ಯಾಪ್ತಿ ನಕ್ಷೆಯನ್ನು ತೆರೆಯಿರಿ. ಎಲ್ಲೆಲ್ಲಿ 2ಜಿ, 4ಜಿ, 5ಜಿ ಸೇವೆ ಸಿಗುತ್ತದೆ ಎಂಬುದನ್ನು ನಕ್ಷೆಯ ಮೇಲೆ ತೋರಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಸೇವಾ ಗುಣಮಟ್ಟ ನಿಯಮಗಳಲ್ಲಿ ಎಲ್ಲ ಕಂಪನಿಗಳಿಗೂ ವಿಧಿಸಿದೆ. ನಿಮ್ಮ ಮನೆ ಇರುವ ಜಾಗಕ್ಕೆ ನಕ್ಷೆಯಲ್ಲಿ 4ಜಿ ಬಣ್ಣ ಬಳಿದಿದ್ದು, ನಿಮ್ಮ ಫೋನಿನಲ್ಲಿ −118 ಇದ್ದರೆ ಎರಡರ ಸ್ಕ್ರೀನ್‌ಶಾಟನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಕಂಪನಿಯ ಮಾತನ್ನೇ ಕಂಪನಿಯ ಮುಂದಿಡುವುದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಸಿಗದು. ಡೇಟಾ ವೇಗಕ್ಕೆ ಟ್ರಾಯ್‌ನದೇ ಆದ ಮೈಸ್ಪೀಡ್ ಆಪ್ ಇದೆ. ಅದರಲ್ಲಿ ಅಳೆದ ಫಲಿತಾಂಶವನ್ನು ಅಲ್ಲಿಂದಲೇ ಟ್ರಾಯ್‌ಗೆ ಕಳುಹಿಸಬಹುದು.

ಹಂತ 3: 198ಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ ಪಡೆಯಿರಿ

198 ಎಂಬುದು ದೂರುಗಳಿಗೆಂದೇ ಇರುವ ಶುಲ್ಕರಹಿತ ಸಂಖ್ಯೆ. ಭಾಷೆ ಆರಿಸುವಾಗ ಕನ್ನಡವನ್ನೇ ಆರಿಸಿಕೊಳ್ಳಿ. ಮನೆಯಲ್ಲಿ ಸಿಗ್ನಲ್ಲೇ ಇಲ್ಲದವರು 198ಕ್ಕೆ ಕರೆ ಮಾಡುವುದು ಹೇಗೆಂದು ಕೇಳುತ್ತೀರಿ, ಕೇಳಬೇಕಾದ ಪ್ರಶ್ನೆಯೇ. ಸಿಗ್ನಲ್ ಸಿಗುವಲ್ಲಿಗೆ ಹೋಗಿ ಮಾಡಿ, ಇಲ್ಲವೇ ವೈಫೈ ಇರುವಲ್ಲಿಂದ ಕಂಪನಿಯ ಆಪ್ ಅಥವಾ ಇಮೇಲ್ ಮೂಲಕ ದಾಖಲಿಸಿ. ತೊಂದರೆ ಇರುವ ಜಾಗದ ವಿಳಾಸವನ್ನು ಪಿನ್‌ಕೋಡ್ ಸಮೇತ ಹೇಳಿ, ಇಲ್ಲದಿದ್ದರೆ ನೀವು ಕರೆ ಮಾಡಿದ ಪೇಟೆಯ ಟವರನ್ನೇ ಅವರು ಪರೀಕ್ಷಿಸಿ ಕೈತೊಳೆದುಕೊಳ್ಳುತ್ತಾರೆ.

ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ದೂರು ದಾಖಲಾದೊಡನೆ ಡಾಕೆಟ್ ಸಂಖ್ಯೆ, ದಾಖಲಾದ ದಿನ ಮತ್ತು ವೇಳೆ, ಎಷ್ಟು ಸಮಯದೊಳಗೆ ಪರಿಹಾರವಾಗುವುದೆಂಬ ಗಡುವು, ಇಷ್ಟನ್ನೂ ಕಂಪನಿ ಎಸ್‌ಎಂಎಸ್ ಮೂಲಕ ತಿಳಿಸಬೇಕು. ಆ ಎಸ್‌ಎಂಎಸ್ಸನ್ನು ಅಳಿಸಬೇಡಿ, ಅದರ ಸ್ಕ್ರೀನ್‌ಶಾಟ್ ತೆಗೆದು ಬೇರೆಡೆ ಇಡಿ. ಮುಂದಿನ ಎಲ್ಲ ದಿನಗಳ ಲೆಕ್ಕವೂ ಅದರಿಂದಲೇ ಶುರುವಾಗುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ನಿಮ್ಮ ಮಾತನ್ನು ದೂರೆಂದು ದಾಖಲಿಸದೆ “ಸರ್ವಿಸ್ ರಿಕ್ವೆಸ್ಟ್”, ಅಂದರೆ ಸೇವಾ ಕೋರಿಕೆ, ಎಂದು ದಾಖಲಿಸಿಬಿಡುವುದು. ಬಂದ ಸಂಖ್ಯೆ ಯಾವ ಬಗೆಯದೆಂದು ಕರೆಯಲ್ಲಿಯೇ ಕೇಳಿ, “ದೂರು ಎಂದೇ ದಾಖಲಿಸಿ” ಎಂದು ಸ್ಪಷ್ಟವಾಗಿ ಹೇಳಿ. ಎರಡನೆಯದು, ತೊಂದರೆ ಹಾಗೆಯೇ ಇರುವಾಗ “ನಿಮ್ಮ ದೂರು ಪರಿಹಾರವಾಗಿದೆ” ಎಂಬ ಸಂದೇಶ ಬರುವುದು. ಆಗ ಹೊಸ ದೂರು ಕೊಡಲು ಹೋಗಬೇಡಿ. ಹೊಸ ದೂರು ಕೊಟ್ಟಷ್ಟೂ ಲೆಕ್ಕ ಮೊದಲಿನಿಂದ ಶುರುವಾಗಿ, ನೀವು ಅದೇ ಮೆಟ್ಟಿಲಲ್ಲಿ ನಿಂತಿರುತ್ತೀರಿ. ಮುಚ್ಚಿದ ದೂರಿನ ಮೇಲೆ ಅಪೀಲು ಹೋಗುವುದೇ ಸರಿಯಾದ ದಾರಿ, ಅದು ಆರನೆಯ ಹಂತ.

ಹಂತ 4: ಈಗ ಪೋಸ್ಟ್ ಹಾಕಿ

ಗಡುವು ಮೀರಿದ ದಿನವೇ ಹಾಕಿ, ಅದಕ್ಕೆ ಮೊದಲು ಬೇಡ. ಕಂಪನಿಯ ಗ್ರಾಹಕ ಸೇವೆಯ ಅಧಿಕೃತ ಖಾತೆಯನ್ನು ಟ್ಯಾಗ್ ಮಾಡಿ. ಆ ಖಾತೆ ಯಾವುದೆಂಬುದನ್ನು ಎಕ್ಸ್‌ನಲ್ಲಿ ಹುಡುಕಬೇಡಿ, ಕಂಪನಿಯ ಜಾಲತಾಣದಲ್ಲಿ ಕೊಟ್ಟಿರುವ ಕೊಂಡಿಯಿಂದಲೇ ಹೋಗಿ. ಬರೆಯುವುದು ಹೀಗಿರಬಹುದು:

“ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಜೂನ್ 14ರಿಂದ 20ರವರೆಗೆ ಐದು ದಿನ, ಕರೆಂಟು ಹೋದ ಒಂದು ಗಂಟೆಯೊಳಗೆ ಸೇವೆ ಪೂರ್ತಿ ನಿಂತಿದೆ. ಜೂನ್ 21ರಂದು ದೂರು ದಾಖಲಿಸಿದ್ದೇನೆ. ಎಸ್‌ಎಂಎಸ್‌ನಲ್ಲಿ ತಿಳಿಸಿದ್ದ ಗಡುವು ನಿನ್ನೆಗೆ ಮುಗಿಯಿತು, ಉತ್ತರ ಬಂದಿಲ್ಲ. ನಿಮ್ಮ ವ್ಯಾಪ್ತಿ ನಕ್ಷೆಯೂ ನಮ್ಮ ಅಳತೆಯೂ ಚಿತ್ರದಲ್ಲಿವೆ. ಟವರಿನ ಬ್ಯಾಟರಿಯನ್ನು ಯಾವ ದಿನ ಪರೀಕ್ಷಿಸುತ್ತೀರಿ?”

ಕೊನೆಯಲ್ಲಿ ದಿನಾಂಕವನ್ನು ಕೇಳುವ ಪ್ರಶ್ನೆಯಿದೆ ಎಂಬುದನ್ನು ಗಮನಿಸಿ. “ಯಾವಾಗ ಸರಿ ಮಾಡುತ್ತೀರಿ” ಎಂದರೆ “ಶೀಘ್ರದಲ್ಲಿ” ಎಂಬ ಉತ್ತರ ಸಿದ್ಧವಿರುತ್ತದೆ.

ಪೋಸ್ಟಿನಲ್ಲಿ ಮೊಬೈಲ್ ಸಂಖ್ಯೆ, ಮನೆಯ ವಿಳಾಸ, ಪೂರ್ತಿ ಡಾಕೆಟ್ ಸಂಖ್ಯೆ ಯಾವುದೂ ಇರಬಾರದು, ಸ್ಕ್ರೀನ್‌ಶಾಟಿನಲ್ಲಿರುವುದನ್ನೂ ಮಸಿ ಬಳಿದು ಮರೆಮಾಡಿ. ನೆಟ್‌ವರ್ಕ್ ದೂರುಗಳನ್ನೇ ಕಾದು ಕುಳಿತ ವಂಚಕರಿದ್ದಾರೆ. ನೀವು ಪೋಸ್ಟ್ ಹಾಕಿದ ಕೆಲವೇ ನಿಮಿಷಗಳಲ್ಲಿ ಕಂಪನಿಯ ಚಿಹ್ನೆಯನ್ನೇ ಹಾಕಿಕೊಂಡ ನಕಲಿ ಖಾತೆಯೊಂದು ಸವಿನಯವಾಗಿ ಉತ್ತರಿಸಿ, ಒಂದು ನಂಬರಿಗೆ ಕರೆ ಮಾಡಿ ಎನ್ನುತ್ತದೆ, ಅಥವಾ “ಸಿಗ್ನಲ್ ರಿಫ್ರೆಶ್” ಮಾಡುವ ಆಪ್ ಎಂದು ಎಪಿಕೆ ಫೈಲ್ ಕಳುಹಿಸುತ್ತದೆ. ಎಪಿಕೆ ಎಂದರೆ ಪ್ಲೇಸ್ಟೋರಿನ ಹೊರಗಿನಿಂದ ನೇರವಾಗಿ ಫೋನಿಗೆ ಇಳಿಯುವ ಆಪ್. ಅದನ್ನು ತೆರೆದರೆ ನಿಮ್ಮ ಒಟಿಪಿಗಳು ಅವರ ಕೈಗೆ ಹೋಗಬಹುದು. ನೆಟ್‌ವರ್ಕ್ ಸರಿಪಡಿಸಲು ಯಾವ ಕಂಪನಿಗೂ ನಿಮ್ಮ ಒಟಿಪಿ ಬೇಕಾಗುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗದೆ ಬರಿಯ ಪ್ರಯತ್ನವಷ್ಟೇ ಆಗಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ಚಕ್ಷು ವಿಭಾಗದಲ್ಲಿ ತಿಳಿಸಿ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ನಡೆದುದನ್ನು ನಡೆದಂತೆ, ದಿನಾಂಕದೊಂದಿಗೆ ಬರೆದರೆ ನಿಮಗೆ ಭಯವಿಲ್ಲ. “ಕಳ್ಳರು”, “ಲಂಚ ತಿಂದಿದ್ದಾರೆ” ಎಂದೆಲ್ಲ ಬರೆದರೆ ಅದನ್ನು ನೀವು ಸಾಬೀತುಪಡಿಸಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ 356ನೆಯ ಕಲಮಿನಲ್ಲಿ ಮಾನಹಾನಿ ಅಪರಾಧವಾಗಿಯೇ ಉಳಿದಿದೆ. ಟವರಿಗೆ ಡೀಸೆಲ್ ಹಾಕುವ ಹುಡುಗನ ಫೋಟೊವನ್ನೋ ಹೆಸರನ್ನೋ ಹಾಕುವುದಂತೂ ಖಂಡಿತ ಬೇಡ, ಡೀಸೆಲ್ ಎಷ್ಟು ಬರಬೇಕೆಂದು ನಿರ್ಧರಿಸುವವನು ಅವನಲ್ಲ.

ಹಂತ 5: ಊರಿನವರನ್ನು ಸೇರಿಸಿಕೊಳ್ಳಿ

ಒಬ್ಬರ ದೂರನ್ನು “ಮನೆಯೊಳಗಿನ ತೊಂದರೆ” ಎಂದು ತಳ್ಳಿಹಾಕಬಹುದು, ಒಂದೇ ಊರಿನ ಇಪ್ಪತ್ತು ಮನೆಗಳ ದೂರನ್ನು ಹಾಗೆ ತಳ್ಳಿಹಾಕುವುದು ಕಷ್ಟ. ಆದರೆ ವಾಟ್ಸ್ಆಪ್ ಗುಂಪಿನಲ್ಲಿ “ನಮಗೂ ಇಲ್ಲ”, “ಇಲ್ಲೂ ಅದೇ ಕಥೆ” ಎಂಬ ನೂರು ಸಂದೇಶಗಳಿಂದ ಏನೂ ಆಗದು. ಒಂದು ಪಟ್ಟಿ ಮಾಡಿ: ಮನೆ ಇರುವ ಕೇರಿ, ಕಂಪನಿ, ಮನೆಯೊಳಗಿನ ಡಿಬಿಎಂ, ಅಂಗಳದ ಡಿಬಿಎಂ, ಡಾಕೆಟ್ ಸಂಖ್ಯೆ ಇದೆಯೇ ಇಲ್ಲವೇ. ಮೊಬೈಲ್ ಸಂಖ್ಯೆಗಳನ್ನು ಪಟ್ಟಿಯಲ್ಲಿ ಸೇರಿಸಬೇಡಿ. ಪ್ರತಿಯೊಬ್ಬರೂ ತಮ್ಮದೇ ದೂರನ್ನು ತಾವೇ ದಾಖಲಿಸಬೇಕು, ಒಬ್ಬರ ಡಾಕೆಟ್ ಸಂಖ್ಯೆಯ ಕೆಳಗೆ ಇಪ್ಪತ್ತು ಜನ ಸಹಿ ಹಾಕಿದರೆ ಲೆಕ್ಕಕ್ಕೆ ಬರುವುದು ಒಂದೇ ದೂರು.

ಯಾವ ಕಂಪನಿಯ ಸಿಗ್ನಲ್ಲೂ ಇಲ್ಲದ ಊರಿನ ವಿಷಯ ಬೇರೆ. ಅಲ್ಲಿ ದೂರಿಗಿಂತ ಬೇಡಿಕೆಯೇ ದಾರಿ. ಸೇವೆಯಿಲ್ಲದ ಹಳ್ಳಿಗಳಿಗೆ 4ಜಿ ತಲುಪಿಸಲು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿ, 24,680 ಹಳ್ಳಿಗಳನ್ನು ಗುರುತಿಸಿ, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ನಿಮ್ಮ ಊರು ಅದರಲ್ಲಿದೆಯೇ, ಟವರ್ ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ, 10 ರೂಪಾಯಿ ಶುಲ್ಕ ಕಟ್ಟಿ, ಬಿಎಸ್‌ಎನ್‌ಎಲ್ಲನ್ನು ಕೇಳಬಹುದು. ಖಾಸಗಿ ಕಂಪನಿಗೆ ಈ ಅರ್ಜಿ ಹಾಕಲು ಬರುವುದಿಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಸಂಸದರಿಗೂ ದೂರಸಂಪರ್ಕ ಇಲಾಖೆಗೂ ಕಳುಹಿಸುವಾಗ, ಟವರಿಗೆ ಜಾಗ ಎಲ್ಲಿ ಕೊಡಬಹುದೆಂಬುದನ್ನೂ ಅದೇ ನಿರ್ಣಯದಲ್ಲಿ ಬರೆಯಿರಿ. ನೆಟ್‌ವರ್ಕ್ ಬೇಕೆಂದು ಸಹಿ ಹಾಕಿದವರೇ ಟವರ್ ನಮ್ಮ ಮನೆಯ ಪಕ್ಕ ಬೇಡವೆಂದು ಮರುವಾರ ಇನ್ನೊಂದು ಅರ್ಜಿಗೆ ಸಹಿ ಹಾಕಿದ್ದನ್ನೂ ನಾನು ಕಂಡಿದ್ದೇನೆ. ವಿಕಿರಣದ ಆತಂಕವಿರುವವರಿಗೆ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ ಪೋರ್ಟಲನ್ನು ತೋರಿಸಿ, ಟವರುಗಳ ಮಾಹಿತಿ ಅದರಲ್ಲಿ ಸಿಗುತ್ತದೆ.

ಹಂತ 6: ಅಪೀಲು ಪ್ರಾಧಿಕಾರ

ದೂರು ಕೇಂದ್ರದ ಉತ್ತರದಿಂದ ಸಮಾಧಾನವಾಗದಿದ್ದರೆ, ಅಥವಾ ಗಡುವು ಮುಗಿದರೂ ಉತ್ತರ ಬಾರದಿದ್ದರೆ, 30 ದಿನಗಳೊಳಗೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು. ಇದು ಕಂಪನಿಯೊಳಗಿನ ಮೇಲ್ಮಟ್ಟದ ವ್ಯವಸ್ಥೆ. ಅದಕ್ಕೆ ಸಲಹೆ ಕೊಡುವ ಸಮಿತಿಯಲ್ಲಿ ಟ್ರಾಯ್‌ನಲ್ಲಿ ನೋಂದಾಯಿತವಾದ ಗ್ರಾಹಕ ಸಂಘಟನೆಯೊಂದರ ಸದಸ್ಯರೂ ಇರುತ್ತಾರೆ. ಶುಲ್ಕವಿಲ್ಲ. ಇಮೇಲ್ ಮೂಲಕ ಕಳುಹಿಸಿದರೆ ಸಾಕು. 39 ದಿನಗಳೊಳಗೆ ತೀರ್ಮಾನವಾಗಬೇಕು. ವಿಳಾಸವು ಕಂಪನಿಯ ಜಾಲತಾಣದಲ್ಲಿಯೂ ಟ್ರಾಯ್‌ನ ಟಿಸಿಸಿಎಂಎಸ್ ಎಂಬ ಗ್ರಾಹಕ ದೂರುಗಳ ಪೋರ್ಟಲಿನಲ್ಲಿಯೂ ಇದೆ.

ಪ್ರಾಧಿಕಾರವು ಸೇವಾ ವಲಯಕ್ಕೊಂದರಂತೆ, ಅಂದರೆ ಟೆಲಿಕಾಂ ಸರ್ಕಲ್ಲಿಗೊಂದರಂತೆ, ಇರುತ್ತದೆ. ಕಾಸರಗೋಡಿನಲ್ಲೋ ತಾಳವಾಡಿಯಲ್ಲೋ ಇದ್ದು ಕರ್ನಾಟಕ ವಲಯದ ಸಿಮ್ ಬಳಸುವವರು ಅಪೀಲನ್ನು ಕರ್ನಾಟಕ ವಲಯಕ್ಕೆ ಕಳುಹಿಸಬೇಕು, ತೊಂದರೆ ಇರುವ ಜಾಗ ಪಕ್ಕದ ರಾಜ್ಯದ್ದೆಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಬೇಕು.

ಏನು ಕೇಳಬೇಕೆಂಬುದರಲ್ಲಿ ಗೊಂದಲ ಬೇಡ. ಕಡಿದ ಪ್ರತಿ ಕರೆಗೆ 1 ರೂಪಾಯಿ ಪರಿಹಾರ ಸಿಗುತ್ತದೆ ಎಂಬ ಸಂದೇಶ ಇಂದಿಗೂ ತಿರುಗುತ್ತಿದೆ. ಟ್ರಾಯ್ ಅಂಥ ನಿಯಮ ಮಾಡಿದ್ದು ನಿಜ, ಆದರೆ ಸುಪ್ರೀಂ ಕೋರ್ಟ್ ಅದನ್ನು 2016ರ ಮೇ 11ರಂದು ರದ್ದುಪಡಿಸಿತು. ಈಗ ಇರುವುದು ಬೇರೆ: ಒಂದು ಜಿಲ್ಲೆಯ ಮಟ್ಟದಲ್ಲಿ ಸೇವೆ 24 ಗಂಟೆಗೂ ಹೆಚ್ಚು ಕಾಲ ನಿಂತರೆ, ಪೋಸ್ಟ್‌ಪೇಯ್ಡ್‌ನವರಿಗೆ ಆ ದಿನಗಳ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು. ಪ್ರಕೃತಿ ವಿಕೋಪಕ್ಕೆ ಇದು ಅನ್ವಯಿಸುವುದಿಲ್ಲ. ನಿಮ್ಮ ಊರಿನ ಒಂದು ಟವರ್ ಮೂರು ದಿನ ಸತ್ತರೂ ಇದು ಅನ್ವಯಿಸುವುದಿಲ್ಲ. ಹಾಗಾಗಿ ಅಪೀಲಿನಲ್ಲಿ ದುರಸ್ತಿಯ ದಿನಾಂಕವನ್ನು ಕೇಳಿ, ಸೇವೆ ಸಿಗದ ದಿನಗಳ ಹಣದ ಹೊಂದಾಣಿಕೆಯನ್ನು ಪ್ರತ್ಯೇಕ ಕೋರಿಕೆಯಾಗಿ ಸೇರಿಸಿ.

ಹಂತ 7: ಕಂಪನಿಯ ಹೊರಗೆ

ಟ್ರಾಯ್‌ಗೆ ಬರೆಯುವುದರಿಂದ ನಿಮ್ಮ ಒಬ್ಬರ ದೂರು ಬಗೆಹರಿಯದು, ಒಬ್ಬೊಬ್ಬರ ದೂರನ್ನು ವಿಚಾರಿಸುವ ಅಧಿಕಾರ ಅದಕ್ಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು, ಅವರು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗೂ ಇಲ್ಲ. ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲಿನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ಬರೆಯುವಾಗ ಡಾಕೆಟ್ ಸಂಖ್ಯೆ, ಅಪೀಲಿನ ಸಂಖ್ಯೆ ಎರಡನ್ನೂ ನಮೂದಿಸಿ.

ಆದೇಶವೇ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಟೆಲಿಕಾಂ ಕಂಪನಿಯ ವಿರುದ್ಧ ಅಲ್ಲಿಗೆ ಹೋಗಲು ಬರುವುದಿಲ್ಲ ಎಂದು ಕೆಲವರು ಈಗಲೂ ಹೇಳುತ್ತಾರೆ. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೋಗಬಹುದೆಂದು ಸ್ಪಷ್ಟಪಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ, ಇ-ಜಾಗೃತಿ ಪೋರ್ಟಲಿನ ಮೂಲಕ ದೂರು ಸಲ್ಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ನಿಯಮವೂ ಇಲ್ಲ. ಎರಡನೆಯ ಹಂತದ ನೋಟ್‌ಬುಕ್ ಮತ್ತು ರೀಚಾರ್ಜ್ ರಸೀದಿಗಳು ಇಲ್ಲಿ ಬೇಕಾಗುತ್ತವೆ. ಆದರೆ 299 ರೂಪಾಯಿಯ ಪ್ಯಾಕಿಗಾಗಿ ಆಯೋಗದ ತಾರೀಕುಗಳನ್ನು ಕಾಯುವ ತಾಳ್ಮೆ ಇದೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ವ್ಯಾಪಾರ ಕೆಟ್ಟಿದ್ದರೆ, ಆಸ್ಪತ್ರೆಗೆ ಕರೆ ಹೋಗದೆ ಅನಾಹುತವಾಗಿದ್ದರೆ ಮಾತು ಬೇರೆ.

ಹಂತ 8: ಕಂಪನಿ ಬದಲಿಸುವುದು

ಬಹಳ ಮಂದಿ ಇದನ್ನು ಮೊದಲ ಹಂತವಾಗಿಯೇ ಮಾಡಿ ಪಶ್ಚಾತ್ತಾಪಪಡುತ್ತಾರೆ. ಹೊಸ ಕಂಪನಿಯ ಸಿಮ್ ಇರುವ ನೆಂಟರನ್ನೋ ನೆರೆಯವರನ್ನೋ ಮನೆಗೆ ಕರೆದು, ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ, ಕರೆಂಟು ಇಲ್ಲದ ಹೊತ್ತಿನಲ್ಲಿ ಡಿಬಿಎಂ ನೋಡಿ. ಎರಡು ಕಂಪನಿಗಳು ಒಂದೇ ಟವರಿನ ಮೇಲೆ ಕುಳಿತಿದ್ದರೆ, ಕರೆಂಟು ಹೋದಾಗ ಎರಡೂ ಒಟ್ಟಿಗೇ ಸುಮ್ಮನಾಗಬಹುದು.

ತೀರ್ಮಾನವಾದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ಸಂಖ್ಯೆ ಸೇರಿಸಿ 1900ಕ್ಕೆ ಎಸ್‌ಎಂಎಸ್ ಮಾಡಿ. ಹೊಸ ಕಂಪನಿಗೆ ಕೊಡಬೇಕಾದ, ಯುಪಿಸಿ ಎಂಬ ಎಂಟು ಅಕ್ಷರಗಳ ಸಂಕೇತ ಬರುತ್ತದೆ, ಕರ್ನಾಟಕದಲ್ಲಿ ಅದು 4 ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರದಿದ್ದರೆ, ಪೋಸ್ಟ್‌ಪೇಯ್ಡ್ ಬಾಕಿ ಇದ್ದರೆ, ಅಥವಾ ಕಳೆದ 7 ದಿನಗಳಲ್ಲಿ ಸಿಮ್ ಬದಲಿಸಿದ್ದರೆ ಯುಪಿಸಿ ಸಿಗುವುದಿಲ್ಲ. ಹಾಗಾಗಿ “ಹೊಸ ಸಿಮ್ ಹಾಕಿ ನೋಡೋಣ” ಎಂದು ಅಂಗಡಿಯವರು ಹೇಳಿದರೆ ಪೋರ್ಟ್ ಮಾಡುವ ಯೋಚನೆಯನ್ನು ಒಂದು ವಾರ ಮುಂದೂಡಬೇಕಾಗುತ್ತದೆ. ಒಂದೇ ಸೇವಾ ವಲಯದೊಳಗೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯುತ್ತದೆ. ಬದಲಾಗುವ ದಿನ ಕೆಲವು ಗಂಟೆ ಫೋನ್ ಸುಮ್ಮನಿರುತ್ತದೆ, ಬ್ಯಾಂಕಿನ ಕೆಲಸವನ್ನು ಅಂದು ಇಟ್ಟುಕೊಳ್ಳಬೇಡಿ. ಪ್ರೀಪೇಯ್ಡ್‌ನಲ್ಲಿ ಉಳಿದ ಹಣವೂ ವ್ಯಾಲಿಡಿಟಿಯೂ ಜೊತೆಗೆ ಬರುವುದಿಲ್ಲವಾದ್ದರಿಂದ ಪ್ಯಾಕ್ ಮುಗಿಯುವ ವಾರವೇ ಇದಕ್ಕೆ ಸರಿಯಾದ ಸಮಯ. ಇನ್ನು, ಪೋರ್ಟ್ ಆದ ಮೇಲೆ ಹಳೆಯ ಕಂಪನಿಯ ಆಪ್ ನಿಮಗೆ ತೆರೆಯದೇ ಹೋಗಬಹುದು. ಅಪೀಲು ಅಥವಾ ಆಯೋಗದ ದೂರು ಬಾಕಿ ಇರುವವರು ಅಲ್ಲಿರುವ ಬಿಲ್ಲುಗಳನ್ನೂ ದೂರಿನ ಇತಿಹಾಸವನ್ನೂ 1900ಕ್ಕೆ ಎಸ್‌ಎಂಎಸ್ ಕಳುಹಿಸುವ ಮೊದಲೇ ಇಳಿಸಿಟ್ಟುಕೊಳ್ಳಿ.